ನಡೆ ಕೇಳಿ: ಆನಂದ್ ಆಟದ ಬಗ್ಗೆ ಬಂದ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ವಿಶ್ವನಾಥನ್ ಆನಂದ್ ಆಡಿದ ಒಂದು ಚೆಸ್ ಆಟದ ನಡೆಗಳನ್ನಷ್ಟೇ ಹಾಕಿದ್ದೆವು. 2013ರ ಜನವರಿ 15, ನೆದರ್ಲೆಂಡ್ಸ್‌ನ ವೈಕ್ ಆನ್ ಝೀ, ಟಾಟಾ ಸ್ಟೀಲ್ ಟೂರ್ನಿಯ ನಾಲ್ಕನೇ ಸುತ್ತು. ಬಿಳಿ ಕಾಯಿ ಅರ್ಮೇನಿಯಾದ ಲೆವೊನ್ ಅರೋನಿಯನ್ ಅವರದು, ಕಪ್ಪು ಆನಂದ್ ಅವರದು. ವಿವರಣೆ ಬೇಕೆಂದೇ ಕೊಟ್ಟಿರಲಿಲ್ಲ, ಪ್ರಶ್ನೆಗಳು ಬರಲಿ ಅಂತ. ಬಂದಿವೆ, ಒಂದೆರಡು ಜಗಳದ ಧಾಟಿಯಲ್ಲೇ ಬಂದಿವೆ. ಆ ಸಂಚಿಕೆ ಸಿಗದವರಿಗಾಗಿ ನಡೆಗಳು ಮತ್ತೊಮ್ಮೆ ಇಲ್ಲಿವೆ. ಬೋರ್ಡ್ ಪಕ್ಕದಲ್ಲಿಟ್ಟುಕೊಂಡೇ ಓದಿ, ಇಲ್ಲದಿದ್ದರೆ ತಲೆ ತಿರುಗುತ್ತದೆ. ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು. ಎ ಇಂದ ಎಚ್‌ವರೆಗಿನ ಅಕ್ಷರ ಮತ್ತು ಅಂಕಿ ಸೇರಿದರೆ ಒಂದು ಮನೆ, ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ. × ಅಂದರೆ ಹೊಡೆತ, ಬಿ-ಕುದುರೆ ಅಂದರೆ ಬಿ ಸಾಲಿನಲ್ಲಿದ್ದ ಕುದುರೆ, ಕ್ಯಾಸ್ಲಿಂಗ್ ಅಂದರೆ ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವುದು.

1. ಡಿ4, ಡಿ5 2. ಸಿ4, ಸಿ6 3. ಕುದುರೆ ಎಫ್3, ಕುದುರೆ ಎಫ್6 4. ಕುದುರೆ ಸಿ3, ಇ6 5. ಇ3, ಬಿ-ಕುದುರೆ ಡಿ7 6. ಒಂಟೆ ಡಿ3, ಡಿ×ಸಿ4 7. ಒಂಟೆ×ಸಿ4, ಬಿ5 8. ಒಂಟೆ ಡಿ3, ಒಂಟೆ ಡಿ6 9. ಇಬ್ಬರದೂ ಕ್ಯಾಸ್ಲಿಂಗ್ 10. ಮಂತ್ರಿ ಸಿ2, ಒಂಟೆ ಬಿ7 11. ಎ3, ಆನೆ ಸಿ8 12. ಕುದುರೆ ಜಿ5, ಸಿ5 13. ಕುದುರೆ×ಎಚ್7, ಕುದುರೆ ಜಿ4 14. ಎಫ್4, ಸಿ×ಡಿ4 15. ಇ×ಡಿ4, ಒಂಟೆ ಸಿ5 16. ಒಂಟೆ ಇ2, ಡಿ-ಕುದುರೆ ಇ5 17. ಒಂಟೆ×ಜಿ4, ಒಂಟೆ×ಡಿ4 ಚೆಕ್ 18. ರಾಜ ಎಚ್1, ಕುದುರೆ×ಜಿ4 19. ಕುದುರೆ×ಎಫ್8, ಎಫ್5 20. ಕುದುರೆ ಜಿ6, ಮಂತ್ರಿ ಎಫ್6 21. ಎಚ್3, ಮಂತ್ರಿ×ಜಿ6 22. ಮಂತ್ರಿ ಇ2, ಮಂತ್ರಿ ಎಚ್5 23. ಮಂತ್ರಿ ಡಿ3, ಒಂಟೆ ಇ3. ಬಿಳಿ ಸೋಲೊಪ್ಪಿತು.

ಪ್ರಶ್ನೆ: ಕೊನೆಯಲ್ಲಿ ಚೆಕ್‌ಮೇಟ್ ಆಗಿಲ್ಲ. ಎಣಿಸಿ ನೋಡಿದರೆ ಬಿಳಿಗೇ ಕಾಯಿಗಳ ಲೆಕ್ಕ ಜಾಸ್ತಿ ಇದೆ. ಆದರೂ ಅರೋನಿಯನ್ ಯಾಕೆ ಕೈಚೆಲ್ಲಿದರು? ಮಗನಿಗೆ ಉತ್ತರ ಹೇಳಲಾಗದೆ ಕೂತಿದ್ದೇನೆ. (ಹಾಸನದ ಓದುಗರು)

ಎಣಿಕೆ ಸರಿಯಾಗಿದೆ. ಕಾಲಾಳು ಇಬ್ಬರಿಗೂ ಐದೈದು. ಬಿಳಿಗೆ ಎರಡು ಆನೆ, ಕಪ್ಪಿಗೆ ಒಂದು. ಕಪ್ಪಿಗೆ ಎರಡು ಒಂಟೆ, ಬಿಳಿಗೆ ಒಂದು. ಲೆಕ್ಕದಲ್ಲಿ ಬಿಳಿಯೇ ಮುಂದೆ. ಆದರೆ ಬಿಳಿಯ ಎ1 ಆನೆ ಮತ್ತು ಸಿ1 ಒಂಟೆ ಆಟ ಶುರುವಾದಾಗ ಎಲ್ಲಿದ್ದವೋ ಅಲ್ಲೇ ಇವೆ. ಇಡೀ ಆಟದಲ್ಲಿ ಒಂದು ಹೆಜ್ಜೆ ಇಟ್ಟಿಲ್ಲ.

ಈಗ ಬಿಳಿ ರಾಜನ ಸುತ್ತ ನೋಡಿ. ರಾಜ ಎಚ್1ರಲ್ಲಿ ಇದ್ದಾನೆ. ಅವನ ಮುಂದೆ ಜಿ2, ಎಚ್3 ಕಾಲಾಳುಗಳು. ಜಿ2 ಕಾಲಾಳು ಅಲ್ಲಾಡುವಂತಿಲ್ಲ, ಬಿ7ರ ಒಂಟೆ ದೂರದಿಂದ ಅದನ್ನು ಪಿನ್ ಮಾಡಿದೆ, ಅಂದರೆ ಅದು ಸರಿದರೆ ಹಿಂದಿರುವ ರಾಜನಿಗೇ ಹೊಡೆತ. ಎಚ್3 ಕಾಲಾಳು ಜಿ4ರ ಕುದುರೆಯನ್ನು ಹೊಡೆಯೋಣ ಅಂದರೆ ಅದಕ್ಕೂ ಪಿನ್, ಎಚ್5ರಲ್ಲಿ ಕಪ್ಪು ಮಂತ್ರಿ ಕಾದು ಕೂತಿದೆ. ಕಪ್ಪಿನ ಬೆದರಿಕೆ ಮಂತ್ರಿ×ಎಚ್3. ಅದನ್ನು ತಡೆಯಲಿಕ್ಕೇ ಅರೋನಿಯನ್ ಮಂತ್ರಿಯನ್ನು ಡಿ3ಗೆ ತಂದದ್ದು, ಮೂರನೇ ಸಾಲಿನಲ್ಲಿ ಉದ್ದಕ್ಕೆ ಎಚ್3 ಕಾಯಲಿ ಅಂತ. ಆನಂದ್ ಒಂಟೆಯನ್ನು ಆ ಸಾಲಿನ ನಡುವೆ, ಇ3ರಲ್ಲಿ ತಂದು ಕೂರಿಸಿದರು. ದಾರಿ ಬಂದ್. ಮಂತ್ರಿಯಿಂದ ಹೊಡೆದರೆ ಜಿ4ರ ಕುದುರೆ ಮಂತ್ರಿಯನ್ನೇ ನುಂಗುತ್ತದೆ. ಸಿ1ರ ಒಂಟೆಯಿಂದ ಹೊಡೆದರೆ ಮಂತ್ರಿ×ಎಚ್3 ಚೆಕ್, ರಾಜ ಜಿ1, ಮಂತ್ರಿ×ಜಿ2 ಮೇಟ್. ಈ ಮಟ್ಟದ ಆಟಗಾರರು ಇಷ್ಟು ಕಂಡ ಮೇಲೆ ಆಡುತ್ತಾ ಕೂರುವುದಿಲ್ಲ, ಕೈಕುಲುಕಿ ಎದ್ದುಬಿಡುತ್ತಾರೆ. ಮಗನಿಗೆ ಹೇಳುವುದೇನೂ ಬೇಡ, ಬೋರ್ಡ್‌ನಲ್ಲಿ ಎರಡೂ ದಾರಿ ಆಡಿಸಿ.

ಪ್ರಶ್ನೆ: 16ನೇ ನಡೆಯಲ್ಲಿ ಆನಂದ್ ಕುದುರೆಯನ್ನು ಇ5ಗೆ ತಂದು ಬಿಟ್ಟಿ ಕೊಡ್ತಾರೆ. ಬಿಳಿ ಅದನ್ನು ಹೊಡೆಯೋದೇ ಇಲ್ಲ! ಯಾಕೆ? ಅದಕ್ಕಿಂತ ಮುಂಚೆ ಎಫ್8ರ ಆನೆಯನ್ನೂ ಹೊಡೆಯದೆ ಬಿಟ್ಟಿದ್ದಾರೆ. ದೊಡ್ಡವರ ಆಟ ನನಗಂತೂ ಅರ್ಥ ಆಗಲ್ಲ. (ಧಾರವಾಡದ ಪಿಯು ವಿದ್ಯಾರ್ಥಿ)

ಅರ್ಥ ಆಗಿದೆ ತಮ್ಮಾ, ಆಗದಿದ್ದರೆ ಸರಿಯಾಗಿ ಇದೇ ಜಾಗಕ್ಕೆ ಬೆರಳಿಡುತ್ತಿರಲಿಲ್ಲ. ಇಡೀ ಆಟದ ಜೀವ ಇರುವುದೇ ಇಲ್ಲಿ. ನಾಲ್ಕು ನಡೆ ಹಿಂದಿನಿಂದ ಬರೋಣ.

12ನೇ ನಡೆಯಲ್ಲಿ ಬಿಳಿ ಕುದುರೆ ಜಿ5ಗೆ ಬಂತು. ಡಿ3 ಒಂಟೆ, ಅದರ ಹಿಂದೆ ಸಿ2 ಮಂತ್ರಿ, ಜೊತೆಗೆ ಈ ಕುದುರೆ, ಮೂರರ ಕಣ್ಣೂ ಎಚ್7 ಕಾಲಾಳಿನ ಮೇಲೆ. ನೀನೋ ನಾನೋ ಆಗಿದ್ದರೆ ಗಾಬರಿಯಿಂದ ಎಚ್6 ತಳ್ಳುತ್ತಿದ್ದೆವು. ಆನಂದ್ ಆ ಕಡೆ ತಿರುಗಿಯೂ ನೋಡದೆ ಸಿ5 ಆಡಿದರು. ಬಿಳಿ ಎಚ್7 ಹೊಡೆಯಿತು, ಆ ಕುದುರೆ ಈಗ ಎಫ್8 ಆನೆಗೂ ಎಫ್6 ಕುದುರೆಗೂ ಒಟ್ಟಿಗೆ ಕೈಹಾಕಿದೆ. ಕಪ್ಪು ಕುದುರೆ ಜಿ4ಗೆ ಹಾರಿತು. ಅಲ್ಲಿಂದ ಅದೂ ಡಿ6ರ ಒಂಟೆಯೂ ಸೇರಿ ಎಚ್2 ಮೇಲೆ ಕಣ್ಣಿಟ್ಟವು. ಒಂಟೆಯ ದಾರಿ ಮುಚ್ಚಲು ಬಿಳಿ ಎಫ್4 ತಳ್ಳಬೇಕಾಯಿತು.

ಈ ಎಫ್4 ಅನ್ನು ಸ್ವಲ್ಪ ಹೊತ್ತು ನೋಡು. ಒಂದು ಬಾಗಿಲು ಮುಚ್ಚಲು ಹೋಗಿ ಇನ್ನೊಂದು ತೆರೆದ ನಡೆ ಇದು. ಎಫ್2ರಲ್ಲಿ ಈಗ ಕಾಲಾಳು ಇಲ್ಲ, ಹಾಗಾಗಿ ಜಿ1ರಿಂದ ಎ7ರವರೆಗಿನ ಓರೆ ಸಾಲಿನಲ್ಲಿ ರಾಜ ಬಯಲಿಗೆ ಬಿದ್ದ. ಆನಂದ್ ಡಿ4ರಲ್ಲಿ ಕಾಲಾಳು ಬದಲಾಯಿಸಿಕೊಂಡು ಒಂಟೆಯನ್ನು ಸಿ5ಗೆ ತಂದು ನಿಲ್ಲಿಸಿದರು. ಡಿ4ರ ಬಿಳಿ ಕಾಲಾಳು ಆ ಒಂಟೆಯನ್ನು ಹೊಡೆಯಬಹುದು, ಆದರೆ ಹೊಡೆದರೆ ಇನ್ನೊಂದು ಕುದುರೆ ಸಿ5ಗೆ ಬಂದು ಡಿ3ರ ಒಂಟೆಗೆ ಕೈಹಾಕುತ್ತದೆ, ಜೊತೆಗೆ ಕಪ್ಪು ಮಂತ್ರಿಗೆ ಡಿ4ರಲ್ಲಿ ಚೆಕ್ ಸಿಗುತ್ತದೆ. ಅರೋನಿಯನ್ ಅದು ಬೇಡವೆಂದು ಒಂಟೆಯನ್ನು ಇ2ಗೆ ಹಿಂದಕ್ಕೆ ತಂದು ಜಿ4 ಕುದುರೆಯನ್ನು ಕೇಳಿದರು: ಹೋಗ್ತೀಯೋ ಇಲ್ವೋ?

ಉತ್ತರ, ಡಿ7ರ ಕುದುರೆ ಇ5ಗೆ. ಆ ಕ್ಷಣದ ಬೋರ್ಡ್ ನೋಡು. ಎಫ್8 ಆನೆ ಹೊಡೆತದಲ್ಲಿದೆ. ಸಿ5 ಒಂಟೆ, ಇ5 ಕುದುರೆ, ಜಿ4 ಕುದುರೆ, ಇವೂ ಹೊಡೆತದಲ್ಲೇ ಇವೆ. ಒಟ್ಟು ನಾಲ್ಕು ಕಾಯಿ. ಯಾವುದನ್ನು ತಿನ್ನಬೇಕು ಹೇಳು!

ಡಿ4 ಕಾಲಾಳು ಇ5 ಹೊಡೆಯುವಂತಿಲ್ಲ, ಸಿ5 ಒಂಟೆ ಅದನ್ನು ರಾಜನಿಗೆ ಪಿನ್ ಮಾಡಿದೆ. ಎಫ್4 ಕಾಲಾಳಿನಿಂದ ಹೊಡೆದರೆ ಮಂತ್ರಿ×ಡಿ4 ಚೆಕ್. ರಾಜ ಎಚ್1ಗೆ ಓಡುತ್ತಾನೆ. ಆಗ ಮಂತ್ರಿ ಜಿ1ಗೆ ಹೋಗಿ ಚೆಕ್ ಕೊಡುತ್ತದೆ, ಸೀದಾ ರಾಜನ ಮಗ್ಗುಲಿಗೆ! ಸಿ5 ಒಂಟೆಯ ಬೆಂಬಲ ಇರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಆನೆ ಜಿ1ಗೆ ಬಂದ ತಕ್ಷಣ ರಾಜನಿಗಿದ್ದ ಕೊನೆಯ ಮನೆಯೂ ಮುಚ್ಚಿತು. ಜಿ4ರ ಕುದುರೆ ಎಫ್2ಗೆ, ಮೇಟ್. ರಾಜ ತನ್ನ ಕಾಯಿಗಳ ನಡುವೆಯೇ ಉಸಿರುಕಟ್ಟಿ ಸಾಯುತ್ತಾನೆ. ಇದು ಬೋರ್ಡ್‌ನಲ್ಲಿ ಬರಲಿಲ್ಲ ಅನ್ನೋದೊಂದೇ ಬೇಜಾರು. ಅರೋನಿಯನ್ ಕಂಡುಕೊಂಡರು, ಒಂಟೆಯಿಂದ ಜಿ4 ಹೊಡೆದರು.

ಇನ್ನು ಆ ಆನೆ. 13ನೇ ನಡೆಯಿಂದ 19ರವರೆಗೂ ಅದು ಬಿಳಿ ಕುದುರೆಯ ಬಾಯಿಯಲ್ಲೇ ಇತ್ತು. ಆನಂದ್ ಒಮ್ಮೆಯೂ ಅದನ್ನು ಸರಿಸಲಿಲ್ಲ. ಅರೋನಿಯನ್‌ಗೆ ಪ್ರತಿ ನಡೆಗೂ ಅದಕ್ಕಿಂತ ತುರ್ತಿನ ಕೆಲಸ ಬರ್ತಾನೇ ಇತ್ತು. ಕೊನೆಗೆ ಪುರುಸೊತ್ತಾಗಿ ತಿಂದಾಗ ಆನಂದ್ ಶಾಂತವಾಗಿ ಎಫ್5 ಆಡಿದರು. ಚೆಕ್ ಅಲ್ಲ, ಹೊಡೆತ ಅಲ್ಲ. ಸಿ2ರಿಂದ ಎಚ್7ಗೆ ಬರಲು ಬಿಳಿ ಮಂತ್ರಿಗಿದ್ದ ದಾರಿಗೆ ಬೇಲಿ ಬಿತ್ತು, ಜಿ4 ಕುದುರೆಗೆ ಆಸರೆಯೂ ಆಯಿತು. ಒಂದು ಇಡೀ ಆನೆ ಕಳೆದುಕೊಂಡ ಮರುಕ್ಷಣ ಇಂಥ ನಡೆ ಆಡಲು ಧೈರ್ಯ ಬೇಕು. ನನ್ನ ಕೇಳಿದರೆ ಇ5 ಕುದುರೆಗಿಂತ ನನಗೆ ಈ ಎಫ್5 ಹೆಚ್ಚು ಇಷ್ಟ. ಆಮೇಲೆ 21ರಲ್ಲಿ ಬಿಳಿ ಎಚ್3 ಆಡಿದಾಗ ಆನಂದ್ ಜಿ6ರ ಕುದುರೆ ಹೊಡೆದರಲ್ಲ, ಅಲ್ಲೂ ಬಿಳಿ ಜಿ4 ಹೊಡೆಯುವಂತಿಲ್ಲ. ಮಂತ್ರಿ ಎಚ್6ಗೆ ಬಂದರೆ ಅಲ್ಲೇ ಮೇಟ್.

ಪ್ರಶ್ನೆ: ಇದು ಮೆರಾನ್ ಓಪನಿಂಗ್ (ಆಟದ ಆರಂಭದ ನಡೆಗಳ ಒಂದು ಕ್ರಮ) ಅಂತ ಬರೆದಿದ್ದಿರಿ. ಅದರಲ್ಲಿ ಕಪ್ಪು ತನ್ನ ಡಿ5 ಕಾಲಾಳನ್ನು ಯಾಕೆ ಬಿಟ್ಟುಕೊಡುತ್ತೆ? ಮಧ್ಯದ ಜಾಗ ಬಿಡಬಾರದು ಅಂತ ನಮ್ಮ ಕೋಚ್ ಹೇಳ್ತಾರೆ. (ತುಮಕೂರಿನ ಓದುಗರು)

ಕೋಚ್ ಹೇಳೋದು ಸರಿ. ಮೆರಾನ್‌ನಲ್ಲಿ ಕಪ್ಪು ಮಧ್ಯದ ಜಾಗ ಬಿಡುವುದಿಲ್ಲ, ಸ್ವಲ್ಪ ದಿನಕ್ಕೆ ಸಾಲ ಕೊಡುತ್ತದೆ.

ಮೊದಲ ನಾಲ್ಕು ನಡೆಗೆ ಸೆಮಿ ಸ್ಲಾವ್ ಅನ್ನುತ್ತಾರೆ. ಕಪ್ಪಿನ ಕೋಟೆ ಗಟ್ಟಿ, ಆದರೆ ಸಿ8ರ ಒಂಟೆ ಇ6 ಕಾಲಾಳಿನ ಹಿಂದೆ ಸಿಕ್ಕಿಬಿದ್ದಿದೆ. ಅದನ್ನು ಹೊರಗೆ ತರುವುದೇ ಕಪ್ಪಿನ ತಲೆನೋವು. ಬಿಳಿ ಒಂಟೆ ಡಿ3ಗೆ ಬರುವವರೆಗೆ ಕಪ್ಪು ಸುಮ್ನೆ ಕಾಯುತ್ತದೆ. ಬಂದ ತಕ್ಷಣ ಸಿ4 ಹೊಡೆಯುತ್ತದೆ. ಒಂಟೆ ಮತ್ತೆ ಎದ್ದು ಸಿ4ಗೆ ಬರಬೇಕು. ಆಗ ಬಿ5, ಒಂಟೆ ಇನ್ನೊಮ್ಮೆ ಏಳಬೇಕು. ಒಂದೇ ಒಂಟೆಗೆ ಮೂರು ನಡೆ ಖರ್ಚಾಯಿತು. ಅಷ್ಟರಲ್ಲಿ ಬಿ7 ಮನೆ ಖಾಲಿಯಾಗಿ ಕಪ್ಪು ಒಂಟೆಗೆ ಜಾಗ ಸಿಕ್ಕಿತು. ಇನ್ನುಳಿದದ್ದು ಸಿ6 ಕಾಲಾಳನ್ನು ಸಿ5ಗೆ ತಳ್ಳಿ ಆ ಒಂಟೆಯ ದಾರಿ ತೆರೆಯುವುದು. ಈ ಓಪನಿಂಗ್ ಆಡುವವರು ಸಿ5 ಯಾವಾಗ ಅನ್ನೋದನ್ನೇ ತಲೆಯಲ್ಲಿಟ್ಟುಕೊಂಡಿರುತ್ತಾರೆ. ಎಚ್7 ಮೇಲೆ ದಾಳಿ ಬಂದಾಗಲೂ ಆನಂದ್ ಸಿ5 ಆಡಿದ್ದು ಅದಕ್ಕೇ. ಕೊನೆಯಲ್ಲಿ ಜಿ2ವನ್ನು ಪಿನ್ ಮಾಡಿ ಆಟ ಮುಗಿಸಿದ ಒಂಟೆ ಯಾವುದು ನೋಡಿ, ಸಿ8ರಲ್ಲಿ ಸಿಕ್ಕಿಬಿದ್ದಿದ್ದ ಅದೇ ಒಂಟೆ.

ಈ ಆಟ ಗೊತ್ತಿರುವ ಬಿಳಿಯವರು 6ರಲ್ಲಿ ಒಂಟೆ ಡಿ3 ಆಡದೆ ಮಂತ್ರಿ ಸಿ2 ಆಡುವುದೂ ಉಂಟು. ಒಂಟೆ ಮನೆಯಲ್ಲೇ ಇರಲಿ, ಕಪ್ಪು ಹೊಡೆದರೆ ಒಂದೇ ಏಟಿಗೆ ಸಿ4ಗೆ ಬರೋಣ ಅಂತ. ಹೆಸರು ಬಂದದ್ದು ಇಟಲಿಯ ಮೆರಾನೊ ಊರಿನಿಂದ. 1924ರ ಟೂರ್ನಿಯಲ್ಲಿ ಅಲ್ಲಿ ಅಕಿಬಾ ರೂಬಿನ್‌ಸ್ಟೈನ್ ಕಪ್ಪು ಕಾಯಿಯಲ್ಲಿ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಎದುರು ಇದನ್ನಾಡಿ ಗೆದ್ದಿದ್ದರು.

ಪ್ರಶ್ನೆ: ಆನಂದ್ ಇದನ್ನೆಲ್ಲ ಮನೆಯಲ್ಲೇ ಕಂಪ್ಯೂಟರ್ ಹಾಕಿ ತಯಾರಿ ಮಾಡಿಕೊಂಡಿದ್ದರಂತೆ. ಹಾಗಿದ್ದರೆ ಇದರಲ್ಲಿ ದೊಡ್ಡಸ್ತಿಕೆ ಏನು ಬಂತು? ಬಾಯಿಪಾಠ ಒಪ್ಪಿಸಿದ ಹಾಗಲ್ವಾ? (ಬೆಂಗಳೂರಿನ ಓದುಗರು)

ತಯಾರಿ ಮಾಡಿಕೊಂಡಿದ್ದರು, ನಿಜ. 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ಜೊತೆ ವಿಶ್ವ ಚಾಂಪಿಯನ್ ಪಂದ್ಯ ಇತ್ತು. ಹನ್ನೆರಡು ಆಟ ಮುಗಿದಾಗ 6-6 ಸಮ, ಕೊನೆಗೆ ಸಮ ಮುರಿಯಲು ಕಡಿಮೆ ಸಮಯದಲ್ಲಿ ಆಡುವ ರಾಪಿಡ್ ಟೈಬ್ರೇಕ್‌ನಲ್ಲಿ ಆನಂದ್ ಗೆದ್ದರು. ಈ ಐಡಿಯಾ ಆ ಪಂದ್ಯಕ್ಕಾಗಿ ಮಾಡಿಟ್ಟದ್ದು, ಅಲ್ಲಿ ಬಳಕೆಗೆ ಬರಲಿಲ್ಲ. ಸುಮಾರು ಎಂಟು ತಿಂಗಳಾದ ಮೇಲೆ ಅರೋನಿಯನ್ ತಾವಾಗಿಯೇ ಆ ದಾರಿಗೆ ಬಂದರು.

ಆದರೆ ಬಾಯಿಪಾಠ ಅನ್ನೋ ಮಾತು ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಅರೋನಿಯನ್ ಮನೆಯಲ್ಲೂ ಇತ್ತು ಸ್ವಾಮಿ! ಎಲ್ಲರ ಹತ್ತಿರವೂ ಅದೇ ಯಂತ್ರ ಇರುವಾಗ ಯಾವ ಜಾಗವನ್ನು ಅದರ ಮುಂದಿಟ್ಟು ಕೇಳಬೇಕು ಅನ್ನುವುದನ್ನು ಮನುಷ್ಯನೇ ಹುಡುಕಬೇಕು. ನಾಲ್ಕು ಕಾಯಿ ಹೊಡೆತಕ್ಕೆ ಬಿಟ್ಟು ಕೂರುವ ಒಂದು ಸ್ಥಿತಿಯನ್ನು ನಂಬಬೇಕು. ಆಮೇಲೆ ಬೇರೆ ಓಪನಿಂಗ್‌ಗಳ ರಾಶಿ ನಡುವೆ ಅದನ್ನು ತಿಂಗಳುಗಟ್ಟಲೆ ನೆನಪಿಟ್ಟು, ಗಡಿಯಾರ ಓಡುತ್ತಿರುವಾಗ ತಪ್ಪದೆ ಹೊರತೆಗೆಯಬೇಕು. ಸಣ್ಣ ಕೆಲಸವೇ?

ನಿಮ್ಮ ಮಾತಿನಲ್ಲಿ ಒಂದು ಸತ್ಯವೂ ಇದೆ. ಇಂಥ ಆಟದ ಹೊಗಳಿಕೆ ಒಬ್ಬರಿಗೇ ಹೋಗಬಾರದು. ಆ ವರ್ಷಗಳಲ್ಲಿ ಆನಂದ್ ಜೊತೆ ಡೆನ್ಮಾರ್ಕ್‌ನ ಪೀಟರ್ ಹೈನೆ ನೀಲ್ಸನ್, ಉಜ್ಬೇಕಿಸ್ತಾನದ ರುಸ್ತಮ್ ಕಾಸಿಮ್‌ಜಾನೊವ್, ಪೋಲೆಂಡ್‌ನ ರಾಡೊಸ್ಲಾವ್ ವೊಯ್ತಾಶೆಕ್, ಕೋಲ್ಕತ್ತದ ಸೂರ್ಯಶೇಖರ ಗಂಗೂಲಿ ಇದ್ದರು. ಮೆರಾನ್ ಈ ತಂಡಕ್ಕೆ ಹೊಸದಲ್ಲ. 2008ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ವಿರುದ್ಧದ ವಿಶ್ವ ಪಂದ್ಯದಲ್ಲಿ ಆನಂದ್ ಮೂರನೇ ಮತ್ತು ಐದನೇ ಆಟಗಳನ್ನು ಕಪ್ಪು ಕಾಯಿಯಲ್ಲಿ ಗೆದ್ದದ್ದು ಮೆರಾನ್‌ನಿಂದಲೇ. ಅಲ್ಲಿ 8ರಲ್ಲಿ ಕಪ್ಪು ಆಡಿದ್ದು ಒಂಟೆ ಡಿ6 ಅಲ್ಲ, ಕಾಲಾಳು ಎ6. ಅದು ಹಳೆಯ ದಾರಿ, ಎರಡು ಕಡೆಯೂ ಕತ್ತಿ ಹಿರಿದು ನಿಲ್ಲುವ ದಾರಿ. ಮೂರನೇ ಆಟದಲ್ಲಿ ಏಟು ತಿಂದ ಕ್ರಾಮ್ನಿಕ್ ಐದರಲ್ಲಿ ಮತ್ತೆ ಅದಕ್ಕೇ ಬಂದರು, ಮತ್ತೆ ಸೋತರು. ಬರೀ ನೆನಪಿನ ಸ್ಪರ್ಧೆಯಾಗಿದ್ದರೆ ಎರಡನೇ ಸಲ ಹಾಗಾಗುತ್ತಿರಲಿಲ್ಲ.

ಪ್ರಶ್ನೆ: ಈ ಆಟಕ್ಕೂ ನೂರು ವರ್ಷ ಹಳೆಯ ಒಂದು ಆಟಕ್ಕೂ ಹೋಲಿಕೆ ಇದೆ ಅಂತ ಎಲ್ಲೋ ಕೇಳಿದ ನೆನಪು. ಯಾವುದದು? (ಉಡುಪಿಯ ನಿವೃತ್ತ ಮೇಷ್ಟ್ರು)

ನಿಮ್ಮ ನೆನಪು ಸರಿಯಾಗಿದೆ ಮೇಷ್ಟ್ರೇ. 1907, ಲೋಜ್ ನಗರ. ಈಗ ಪೋಲೆಂಡ್‌ನಲ್ಲಿದೆ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಬಿಳಿ ರಾಟ್ಲೆವಿ, ಕಪ್ಪು ಮತ್ತದೇ ರೂಬಿನ್‌ಸ್ಟೈನ್. ಅಲ್ಲೂ ಕಪ್ಪು ಸಿ4 ಹೊಡೆದು, ಬಿ5 ತಳ್ಳಿ, ಒಂಟೆಯನ್ನು ಬಿ7ಗೆ ತಂದಿತ್ತು. ಅಲ್ಲೂ ಬಿಳಿ ಎಫ್4 ತಳ್ಳಿ ರಾಜನ ಓರೆ ಸಾಲು ತೆರೆದುಕೊಂಡಿತು. ಅಲ್ಲೂ ಒಂಟೆಯ ಚೆಕ್, ರಾಜ ಎಚ್1ಗೆ, ಕುದುರೆ ಜಿ4ಗೆ. ಅಷ್ಟಾದ ಮೇಲೆ ರೂಬಿನ್‌ಸ್ಟೈನ್ ಮಂತ್ರಿಯನ್ನು ಎಚ್4ರಲ್ಲಿ ಹೊಡೆತಕ್ಕೆ ಬಿಟ್ಟು ಆನೆಯಿಂದ ಸಿ3 ಹೊಡೆದರು, ಬಿಳಿ ಮಂತ್ರಿಯನ್ನು ತಿಂದಾಗ ಇನ್ನೊಂದು ಆನೆಯನ್ನು ಡಿ2ರಲ್ಲಿ ಇಟ್ಟರು. 25ನೇ ನಡೆಗೆ ರಾಟ್ಲೆವಿ ಸೋಲೊಪ್ಪಿದರು. ಬೋರ್ಡ್‌ನಲ್ಲಿ ಎರಡೂ ಆಟ ಅಕ್ಕಪಕ್ಕ ಇಟ್ಟು ನೋಡಿ, ಎರಡು ಒಂಟೆಗಳೂ ಹೆಚ್ಚುಕಡಿಮೆ ಅವೇ ಸಾಲುಗಳಲ್ಲಿ ಬಿಳಿ ರಾಜನಿಗೆ ಗುರಿಯಿಟ್ಟಿರುತ್ತವೆ. ಚೆಂದದ ವಿಷಯ ಅಂದರೆ ಓಪನಿಂಗೂ ರೂಬಿನ್‌ಸ್ಟೈನ್‌ದೇ, ಮುಗಿತಾಯದ ಮಾದರಿಯೂ ಅವರದೇ. ರೂಬಿನ್‌ಸ್ಟೈನ್ ವಿಶ್ವ ಚಾಂಪಿಯನ್ ಆಗಲೇ ಇಲ್ಲ. ಆಗಿನ ವಿಶ್ವ ಚಾಂಪಿಯನ್ ಲಾಸ್ಕರ್ ಜೊತೆ ಆಗಬೇಕಿದ್ದ ಪಂದ್ಯವನ್ನು 1914ರ ಯುದ್ಧ ನುಂಗಿಹಾಕಿತು.

ಪ್ರಶ್ನೆ: ನೆದರ್ಲೆಂಡ್ಸ್ ಟೂರ್ನಿಗೆ ಟಾಟಾ ಹೆಸರು ಹೇಗೆ? (ದಾವಣಗೆರೆಯ ಓದುಗರು)

ಟೂರ್ನಿ ಶುರುವಾದದ್ದು 1938ರಲ್ಲಿ, ಅಲ್ಲಿನ ಹೂಗೋವೆನ್ಸ್ ಉಕ್ಕಿನ ಕಾರ್ಖಾನೆಯ ಹೆಸರಿನಲ್ಲಿ. 1968ರಿಂದ ವೈಕ್ ಆನ್ ಝೀಯಲ್ಲಿ ನಡೆಯುತ್ತಿದೆ. ಕಾರ್ಖಾನೆ ಕೋರಸ್ ಆಯಿತು, 2007ರಲ್ಲಿ ಟಾಟಾದವರು ಅದನ್ನು ಕೊಂಡರು, 2011ರಿಂದ ಟೂರ್ನಿಯ ಹೆಸರೂ ಬದಲಾಯಿತು. ಆನಂದ್ ಇದನ್ನು ಐದು ಸಲ ಗೆದ್ದಿದ್ದಾರೆ, ಕೆಲವನ್ನು ಬೇರೆಯವರ ಜೊತೆ ಹಂಚಿಕೊಂಡು. 2013ರಲ್ಲಿ ಮಾತ್ರ ಇಂಥ ಆಟ ಆಡಿಯೂ ಗೆಲ್ಲಲಿಲ್ಲ, ಮ್ಯಾಗ್ನಸ್ ಕಾರ್ಲ್‌ಸನ್ 13ಕ್ಕೆ 10 ಅಂಕ ಬಾಚಿ ಹೋದರು.

ಪ್ರಶ್ನೆ: ಮಗಳ ರೇಟಿಂಗ್ 1500ರ ಆಸುಪಾಸು. ಕಷ್ಟಪಟ್ಟು ಮೆರಾನ್ ಹದಿನೈದು ನಡೆವರೆಗೂ ಕಲಿತಳು. ಟೂರ್ನಿಯಲ್ಲಿ ಎದುರಾಳಿ ಐದನೇ ನಡೆಗೇ ಇ3 ಬದಲು ಒಂಟೆ ಜಿ5 ಆಡಿದ. ಇವಳು ಅರ್ಧ ಸಮಯ ಅಲ್ಲೇ ಕಳೆದು ಸೋತಳು. ಓಪನಿಂಗ್ ಎಷ್ಟು ಕಲಿಸಬೇಕು? (ಮೈಸೂರಿನ ಒಬ್ಬ ತಾಯಿ)

ಅಮ್ಮಾ, ಆ ಎದುರಾಳಿ ವಿಚಿತ್ರವಾದದ್ದೇನೂ ಆಡಿಲ್ಲ. ಒಂಟೆ ಜಿ5 ಅನ್ನೋದು ಇ3ಯಷ್ಟೇ ದೊಡ್ಡ ದಾರಿ. ಸೆಮಿ ಸ್ಲಾವ್ ಕಲಿಸುವಾಗ ಅದನ್ನು ಬಿಟ್ಟು ಮೆರಾನ್ ಒಂದನ್ನೇ ಹದಿನೈದು ನಡೆ ಕಲಿಸಿದವರು ಅರ್ಧ ಪಾಠ ಮಾತ್ರ ಮಾಡಿದ್ದಾರೆ.

ಅವಳಿಗೆ ಹೊಸದಾಗಿ ಏನೂ ತುಂಬಬೇಡಿ. ಒಂಟೆ ಜಿ5ಗೆ ಬಂದರೂ ಅವಳು ಬಲ್ಲ ಬಿ-ಕುದುರೆ ಡಿ7 ಅನ್ನೇ ಆಡಲಿ. ಬಿಳಿ ಇ3 ಆಡಿದರೆ ಮಂತ್ರಿಯನ್ನು ಎ5ಗೆ ತರಲಿ. ಅಲ್ಲಿಂದ ಅದು ಸಿ3 ಕುದುರೆಯನ್ನು ಪಿನ್ ಮಾಡುತ್ತದೆ. ಮುಂದೆ ಡಿ5 ಕಾಲಾಳು ಸಿ4 ಹೊಡೆದಾಗ ಐದನೇ ಸಾಲು ತೆರೆದು ಜಿ5ರ ಒಂಟೆಯ ಮೇಲೂ ಮಂತ್ರಿಯ ಕಣ್ಣು ಬೀಳುತ್ತದೆ. ಇದಕ್ಕೆ ಕೇಂಬ್ರಿಜ್ ಸ್ಪ್ರಿಂಗ್ಸ್ ಅಂತ ಹೆಸರು, ಅಮೆರಿಕದಲ್ಲಿ 1904ರಲ್ಲಿ ನಡೆದ ಟೂರ್ನಿಯಿಂದ ಬಂದದ್ದು. ಬಾಯಿಪಾಠ ಕಡಿಮೆ, ಬಲೆಗಳು ಜಾಸ್ತಿ, ಅವಳ ವಯಸ್ಸಿಗೆ ಖುಷಿ ಕೊಡುತ್ತದೆ. 5ರಲ್ಲೇ ಸಿ4 ಹೊಡೆಯುವ ಬೋಟ್ವಿನಿಕ್ ದಾರಿ ಯಾರಾದರೂ ಕಲಿಸುತ್ತೇನೆ ಅಂದರೆ ಸದ್ಯಕ್ಕೆ ಬೇಡ ಅನ್ನಿ. ಅದು ನಡೆ ನಡೆಗೂ ನೆನಪು ಕೇಳುತ್ತದೆ.

ಎಷ್ಟು ನಡೆ ಅನ್ನುವುದಕ್ಕಿಂತ, ಪ್ರತಿ ನಡೆಗೂ ಅವಳು ಕಾರಣ ಹೇಳಬಲ್ಲಳಾ ಕೇಳಿ ನೋಡಿ. ಬಿ5 ಯಾಕೆ ಅಂದರೆ ಹೇಳಿದಳು, ಸರಿ. ಒಂಟೆ ಡಿ6 ಯಾಕೆ ಅಂದಾಗ 'ಪುಸ್ತಕದಲ್ಲಿದೆ' ಅಂದರೆ ಅಲ್ಲಿಗೆ ನಿಲ್ಲಿಸಿ. ಆನಂದ್ ಆಟದ ಶೀಟ್ ಕೈಗೆ ಕೊಟ್ಟು, ಕಪ್ಪಿನ ನಡೆಗಳನ್ನು ಕಾಗದದಲ್ಲಿ ಮುಚ್ಚಿ, ಒಂದೊಂದಾಗಿ ಊಹಿಸಲು ಹೇಳಿ. 12ರಲ್ಲಿ ಸಿ5 ಹೇಳಿದರೆ ಅವಳಿಗೆ ಈ ಓಪನಿಂಗ್ ಒಗ್ಗಿದೆ ಅಂತಲೇ ಅರ್ಥ, 16ನೇ ನಡೆ ಹೇಳದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ನಮ್ಮ ಜಿಲ್ಲಾ ಮಟ್ಟದ ಟೂರ್ನಿಗಳಲ್ಲಿ ಡಿ4 ಆಡುವ ಮಕ್ಕಳು ಸಿ4 ತಳ್ಳುವುದೇ ಅಪರೂಪ, ಹೆಚ್ಚಿನವರು ಒಂಟೆಯನ್ನು ಎಫ್4ಗೆ ತಂದು ಲಂಡನ್ ಸಿಸ್ಟಮ್ ಆಡುತ್ತಾರೆ. ಅದರ ವಿರುದ್ಧ ಏನು ಮಾಡಬೇಕು ಅನ್ನೋದು ಅವಳಿಗೆ ಮೆರಾನ್‌ಗಿಂತ ತುರ್ತು. ಸೋತ ಆಟದ ಶೀಟ್ ಇದ್ದರೆ ಕಳಿಸಿಕೊಡಿ, ಪ್ರತಿ ನಡೆಗೆ ಎಷ್ಟು ಸಮಯ ತೆಗೆದುಕೊಂಡಳು ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಯಲ್ಲಿ ಅದನ್ನೂ ಲಂಡನ್ ಅನ್ನೂ ಸೇರಿಸಿ ನೋಡೋಣ.